ಐದು ಚಮಚ, ಒಂದು ಬೇರೆ ಬಟ್ಟಲು

ಹೋದ ವಾರ ಇದೇ ಜಾಗದಲ್ಲಿ ನಾನೊಂದು ಸುಳ್ಳು ಬರೆದಿದ್ದೆ. ನೀವು ಓದಿದಿರಿ. ಕೆಲವರು ಫೋನ್ ಮಾಡಿ ಹೊಗಳಿದಿರಿ ಕೂಡ.

ಕಾಂಬೋಡಿಯಾ ಪ್ರವಾಸದ ಬಗ್ಗೆ ಬರೆದ ಅಂಕಣ ಅದು. ಕೊನೆಯ ಸಾಲು ನೆನಪಿದೆಯೆ? "ಆರು ಜನ, ಒಂದೇ ಬಟ್ಟಲು. ರಾಯಚೂರಿನಲ್ಲಿ ಆಗದ್ದು ಅಲ್ಲಿ ಆಯಿತು." ಬರೆದ ಮೇಲೆ ನಾನೇ ಎರಡು ಸಲ ಓದಿಕೊಂಡಿದ್ದೆ. ಸಾಲೇನೋ ಚೆನ್ನಾಗಿತ್ತು. ನಿಜವಾಗಿರಲಿಲ್ಲ, ಅಷ್ಟೆ.

ಹಿಡಿದವರು ರತ್ನಮ್ಮ. ದೇವದುರ್ಗದ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ನಾನು ರಾಯಚೂರಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಹನ್ನೆರಡು ವರ್ಷದ ಹಿಂದೆ ಎಸ್ಸೆಸ್ಸೆಲ್ಸಿ ವ್ಯಾಲ್ಯುಯೇಶನ್‌ಗೆ ಹೋದಾಗ ಪರಿಚಯ, ಆಮೇಲೆ ಗೆಳೆತನ. ಅಂಕಣ ಬಂದ ದಿನವೇ ಅವರ ಫೋನ್ ಬಂತು.

"ಅಕ್ಕಾರ, ಭಾಳ ಚಂದ ಬರದೀರಿ. ನಮ್ಮ ಸ್ಟಾಫ್ ರೂಮಿನ್ಯಾಗ ಎಲ್ಲಾರೂ ಓದಿದ್ರು."

"ಥ್ಯಾಂಕ್ಸ್ ರೀ."

"ಒಂದ ಮಾತು. ಆರು ಮಂದಿ ಅಂತ ಹಾಕೀರಲ್ಲ, ಅದನ್ನ ಐದು ಮಾಡ್ರಿ. ನೀವು ಆ ಬಟ್ಟಲದಾಗ ಉಂಡಿಲ್ಲಲ್ರೀ."

ನಗುತ್ತಲೇ ಹೇಳಿದರು. ಉತ್ತರ ಪತ್ರಿಕೆಯಲ್ಲಿ ನಾವು ಟೋಟಲ್ ತಪ್ಪಿದಾಗಲೂ ಅವರು ಹೀಗೆಯೇ ನಗುತ್ತಾ ತೋರಿಸುತ್ತಾರೆ.

"ಉಂಡೀನಲ್ರೀ! ಅವತ್ತ ಡೈರಿಯೊಳಗ ಬರದಿಟ್ಟೀನಿ," ಅಂದೆ.

"ಡೈರಿ ನಿಮ್ದ ಅದ. ಅದೇನು ನಿಮ್ಮ ಮಾತು ಮೀರತದೇನ್ರೀ?"

ಫೋನ್ ಇಟ್ಟ ಮೇಲೆ ಡೈರಿ ತೆಗೆದೆ. ಹೌದು, ನನ್ನದೇ ಅಕ್ಷರ: "ಆರು ಜನ, ಒಂದೇ ಬಟ್ಟಲು." ಊಟ ಮುಗಿಸಿ ಲಾಡ್ಜಿಗೆ ಬಂದ ಕೂಡಲೇ ಬರೆದದ್ದು. ನೆನಪು ಹಳೆಯದಾದಂತೆ ಬಣ್ಣ ಬದಲಿಸುತ್ತದೆ ಎಂದು ಹೆದರಿ ಡೈರಿ ಬರೆಯುವವಳು ನಾನು. ಬಿಸಿಬಿಸಿಯಾಗಿ ಬರೆದದ್ದೂ ಸುಳ್ಳಾಗಿರಬಹುದೆ?

ಆ ಊಟ ಹೇಗಾಯಿತೆಂದು ಈಗ ಮೊದಲಿನಿಂದ ಹೇಳುತ್ತೇನೆ. ಈ ಸಲ ನಿಧಾನವಾಗಿ.

ಅಲ್ಲಿನ ಕಲ್ಲಿನ ಬುದ್ಧನ ಮುಖಗಳನ್ನು ನೋಡಬೇಕೆನ್ನುವುದು ರತ್ನಮ್ಮನ ಬಹಳ ದಿನದ ಆಸೆ. ಅವರದು ಬೌದ್ಧ ಕುಟುಂಬ, ತಂದೆಯ ಕಾಲದಲ್ಲಿ ಆ ಧರ್ಮಕ್ಕೆ ಬಂದವರು. ಅದಕ್ಕೂ ಮುಂಚೆ ಅವರ ಅಜ್ಜಿಗೆ ಹೋಟೆಲಿನಲ್ಲಿ ಚಹಾ ಬೇಕೆಂದರೆ ಗ್ಲಾಸು ಮನೆಯಿಂದಲೇ ತರಬೇಕಿತ್ತು. (ಇದನ್ನು ಅವರು ನನಗೆ ಒಂದೇ ಒಂದು ಸಲ ಹೇಳಿದ್ದಾರೆ.) ರತ್ನಮ್ಮನ ಆಸೆಗೆ ನಾವು ಐದು ಜನ ಜೊತೆಯಾದೆವು: ನಾನು, ಮಾನ್ವಿಯಲ್ಲಿ ರೈಸ್ ಮಿಲ್ ಇರುವ ಮನೆಯ ನಾಗವೇಣಿ, ನಮ್ಮ ಶಾಲೆಯ ಇನ್ನೂ ಮೂವರು ಟೀಚರುಗಳು.

ಸಿಯಾಮ್ ರೀಪ್ ಊರಿನ ಒಂದು ಸಣ್ಣ ರೆಸ್ಟೋರೆಂಟ್. ಮಧ್ಯಾಹ್ನ. ದುಂಡನೆಯ ಮೇಜು. ಅಲ್ಲಿನ ಪದ್ಧತಿ ಸರಳ. ಅನ್ನ ಅವರವರ ತಟ್ಟೆಗೆ, ಸಾರು ಮಾತ್ರ ನಡುವಿನ ದೊಡ್ಡ ಬಟ್ಟಲಿನಲ್ಲಿ. ಎಲ್ಲರೂ ತಮ್ಮ ತಮ್ಮ ಚಮಚವನ್ನೇ ಅದರಲ್ಲಿ ಅದ್ದಿ ಉಣ್ಣುವುದು.

ಬಡಿಸುವ ಹೆಣ್ಣುಮಗಳು ಬಂದು ನಗುತ್ತಾ "ಬಾಯ್? ಬಾಯ್?" ಅಂದಳು.

ನಾಗವೇಣಿ ಗಾಬರಿ. "ಅಯ್ಯ, ಈಗರ ಕುಂತೀವಿ, ಆಗಲೇ ಬಾಯ್ ಅಂತಾಳಲ್ರೀ! ಎಬ್ಬಿಸಿ ಕಳಸ್ತಾಳೇನು?"

"ಇಲ್ರೀ, ಬಾಯಿ ತೆಗಿ ಅನ್ನಾಕತ್ತಾಳ," ಎಂದು ರತ್ನಮ್ಮ ನಿಜವಾಗಿಯೂ ಬಾಯಿ ತೆಗೆದು ತೋರಿಸಿದರು.

ಆ ಹೆಣ್ಣುಮಗಳು ಬಿದ್ದು ಬಿದ್ದು ನಕ್ಕಳು. ಒಳಗೆ ಹೋಗಿ ಅನ್ನದ ಪಾತ್ರೆ ತಂದು ತೋರಿಸಿದಳು. ಅವರ ಭಾಷೆಯಲ್ಲಿ ಬಾಯ್ ಎಂದರೆ ಅನ್ನ! ಅಲ್ಲಿಯೂ ಎದುರಿಗೆ ಸಿಕ್ಕವರನ್ನು "ಅನ್ನ ಉಂಡಿರಾ?" ಎಂದೇ ಮಾತನಾಡಿಸುತ್ತಾರಂತೆ. ಥೇಟ್ ನಮ್ಮ "ಊಟ ಆತೇನ್ರಿ?" ನಾಗವೇಣಿ ಎರಡು ಅಗುಳು ಬೆರಳಲ್ಲಿ ಹಿಸುಕಿ ನೋಡಿ, "ಹೊಸ ಅಕ್ಕಿ ಅದ. ಮುದ್ದಿ ಆಗ್ಯಾದ," ಎಂದು ತೀರ್ಪು ಕೊಟ್ಟರು. ಮಿಲ್ಲಿನ ಮನೆಯವರು ಎಲ್ಲಿ ಹೋದರೂ ಮಿಲ್ಲಿನ ಮನೆಯವರೇ.

ಇಷ್ಟನ್ನೂ ನಾನು ಹಿಂದಿನ ಅಂಕಣದಲ್ಲಿ ಬರೆದಿದ್ದೆ. ಬರೆಯದೆ ಬಿಟ್ಟದ್ದು ಇದರ ಮುಂದಿನದು.

ಅಲ್ಲಿ ಮೀನಿಲ್ಲದೆ ಸಾರಿಲ್ಲ. ನಾನು ಮೀನು ಮಾಂಸ ಮುಟ್ಟುವವಳಲ್ಲ. "ಅಕ್ಕಾರ ಒಬ್ಬರ ಬ್ಯಾರೆ ಕುಂತು ಏನ ಉಣ್ಣಬೇಕು? ಎಲ್ಲಾರಿಗೂ ಕಾಯಿಪಲ್ಯದ್ದ ಹೇಳ್ರಿ," ಎಂದವರು ರತ್ನಮ್ಮ. ಮೀನೆಂದರೆ ಜೀವ ಬಿಡುವ ರತ್ನಮ್ಮ! ಕುಂಬಳಕಾಯಿ, ಬದನೆಕಾಯಿ, ತೆಂಗಿನ ಹಾಲಿನ ಸಾರು ಬಂತು. ಮೀನಿನ ಸಾಸ್ ಕೂಡ ಹಾಕದಂತೆ ರತ್ನಮ್ಮನೇ ಕೈಸನ್ನೆ ಮಾಡಿ ಮಾಡಿ ಹೇಳಿದ್ದರು. ಉಳಿದವರ ಚಮಚ ಬಟ್ಟಲಿಗೆ ಇಳಿದವು. ನಾನು ಕೈ ಎತ್ತಿ ಆ ಹೆಣ್ಣುಮಗಳನ್ನು ಕರೆದು ಒಂದೇ ಒಂದು ಶಬ್ದ ಹೇಳಿದೆ.

"ಸಪರೇಟ್."

ನನಗೊಂದು ಬೇರೆ ಬಟ್ಟಲು ಬಂತು.

ಇದು ತಾನಾಗಿ ನೆನಪಾದದ್ದಲ್ಲ. ನಾಗವೇಣಿ ವಾಟ್ಸಾಪ್ ಗ್ರೂಪಿಗೆ ಹಾಕಿದ್ದ ಫೋಟೋ ಹುಡುಕಿ, ಬೆರಳಲ್ಲಿ ಹಿಗ್ಗಿಸಿ ನೋಡಿದ ಮೇಲೆ ಆ ಶಬ್ದ ನೆನಪಾಯಿತು. ನಡುವಿನ ಬಟ್ಟಲಿನಲ್ಲಿ ಐದು ಚಮಚ. ನನ್ನ ಮುಂದೆ ಒಂದು ಪುಟ್ಟ ಬಿಳಿ ಬಟ್ಟಲು. ಅದರ ಹಿಂದೆ ನಾನು, ಹಲ್ಲು ಕಿರಿಯುತ್ತಾ.

ತಕ್ಷಣ ಒಳಗಿನ ವಕೀಲ ಎದ್ದು ನಿಂತ. ಎಂಜಲು ಅಂದರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ ಅಂದ. ಕೊರೊನಾ ಆದ ಮೇಲೆ ಇನ್ನೂ ಹೆಚ್ಚಾಗಿದೆ ಅಂದ. ಹೌದೆ? ಹಾಗಾದರೆ ಸ್ಟಾಫ್ ರೂಮಿನಲ್ಲಿ ಒಂದೇ ಪೇಪರಿನ ಮೇಲೆ ಸುರಿದ ಒಗ್ಗರಣಿ ಮಂಡಾಳಕ್ಕೆ, ಅದೇ ಮಂಡಕ್ಕಿಗೆ, ಎಂಟು ಜನ ಕೈ ಹಾಕುತ್ತೇವಲ್ಲ? ನನ್ನ ತಂಗಿ ಕಚ್ಚಿಟ್ಟ ಮಿರ್ಚಿಯನ್ನು ಹೋದ ವಾರವೇ ತಿಂದೆನಲ್ಲ? ಆಗೆಲ್ಲ ವಕೀಲ ಎಲ್ಲಿದ್ದ?

ಮರುದಿನ ಭಾನುವಾರ. ಬಸ್ ಹತ್ತಿ ದೇವದುರ್ಗಕ್ಕೆ ಹೋದೆ. ರತ್ನಮ್ಮ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದರು. ನಾನು ನೇರ ಅಡುಗೆಮನೆಗೆ ನುಗ್ಗಿದೆ.

"ತಪ್ಪಾತ್ರಿ ರತ್ನಮ್ಮಾರ. ಫೋಟೋ ನೋಡಿದೆ. ಇವತ್ತ ನಿಮ್ಮ ತಾಟಿನಾಗ ಉಂಡ ಹೋಗಾಕಿ."

ಅವರು ರೊಟ್ಟಿ ತಿರುವಿ ಹಾಕಿ, ನನ್ನ ಮುಖ ನೋಡಿದರು.

"ನಮ್ಮನ್ಯಾಗ ಉಂಡು ಇನ್ನೊಂದು ಅಂಕಣ ಬರೀತೀರೇನು?"

ನಾನು ಮಣೆ ಎಳೆದುಕೊಂಡು ಕೂತೆ. (ನಿಜ ಹೇಳಬೇಕೆಂದರೆ, ಬಸ್ಸಿನಲ್ಲಿ ಕೂತಾಗ ಮೊದಲ ಸಾಲು ಆಗಲೇ ಹೊಳೆದಿತ್ತು.)

"ಸಿಟ್ಟಿಲ್ರೀ ಅಕ್ಕಾರ," ಎಂದರು ಅವರು. "ಅವತ್ತ ನಾ ಮೊದಲ ಚಮಚ ಹಾಕಿದೆ. ನೀವು ನಿಮ್ಮ ಚಮಚ ಹಿಂದಕ ತಗೊಂಡು ಕೈ ಎತ್ತಿದ್ರಿ. ನಾ ನೋಡಿದೆ. ಅದೂ ಹೋಗ್ಲಿ ಬಿಡ್ರಿ, ಅದು ಪರದೇಶ. ಹನ್ನೆರಡು ವರ್ಷದಾಗ ನಿಮ್ಮನಿಗೆ ಎಷ್ಟು ಸಲ ಬಂದೀನಿ? ಬಂದಾಗೆಲ್ಲ 'ಊಟ ಆತೇನ್ರಿ?' ಅಂತ ಕೇಳೀರಿ. ನಾ 'ಆತ್ರಿ' ಅಂದೀನಿ. ಹೊರಗ ಕಟ್ಟಿಮ್ಯಾಲೆ ಚಾ ಕುಡದು ಎದ್ದ ಬಂದೀನಿ. ಒಂದ ಸಲರ 'ಇಲ್ರೀ, ಹಸದೀನಿ' ಅಂದಿದ್ರ ಏನ ಮಾಡ್ತಿದ್ರಿ?"

ಅವರ ಚಮಚ ನೋಡಿ ನಾನು ನನ್ನದನ್ನು ಹಿಂದೆ ತೆಗೆದುಕೊಂಡೆನೆ? ನನಗೆ ನೆನಪಿಲ್ಲ. ಆದರೆ ನೆನಪಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಲು ನನಗೀಗ ಹಕ್ಕಿಲ್ಲ. ನೋಡಿದವರು ಅವರು. ಡೈರಿಗಿಂತ, ಫೋಟೋಗಿಂತ ಅವರ ಕಣ್ಣನ್ನೇ ನಂಬುತ್ತೇನೆ.

"ಬರೂ ಐತವಾರ ನಮ್ಮನಿಗೆ ಊಟಕ್ಕ ಬರ್ರಿ," ಅಂದೆ. "ಕಟ್ಟಿಮ್ಯಾಲೆ ಅಲ್ಲ, ಒಳಗ. ಒಂದ ಬಟ್ಟಲ ಇಡ್ತೀನಿ. ಮೊದಲ ಚಮಚ ನಿಮ್ದ."

"ನಿಮ್ಮ ಅತ್ತೆಮ್ಮಾರಿಗೆ ಹೇಳೀರೇನು?"

"ಇವತ್ತ ಹೇಳ್ತೀನಿ."

"ಮೊದಲ ಹೇಳ್ರಿ. ಆಮ್ಯಾಲೆ ಕರೀರಿ," ಎಂದು ತಟ್ಟೆಗೆ ಬಿಸಿ ರೊಟ್ಟಿ ಹಾಕಿ ಕೊಟ್ಟರು. ಉಂಡೆ. ಆ ಊಟದ ಬಗ್ಗೆ ಏನೂ ಬರೆಯುವುದಿಲ್ಲ. ಅದು ಅವರ ಷರತ್ತು.

ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅತ್ತೆಗೆ ಹೇಳಿದೆ. ಅವರು ಹಿರೇಕೊಟ್ನೆಕಲ್ಲಿನ ಒಕ್ಕಲುತನದ ಮನೆಯಿಂದ ಬಂದವರು. ನನ್ನ ಮೇಲೆ ಪ್ರೀತಿಯಿದೆ. ರತ್ನಮ್ಮ ಬಂದರೆ "ಚೊಲೋ ಹೆಣಮಗಳು" ಎನ್ನುತ್ತಾರೆ. ಕಟ್ಟೆಯ ಮೇಲೆ ಕೂತಿರುವವರೆಗೆ.

ಅತ್ತೆ ಖುಷಿಯಿಂದ ಒಪ್ಪಿದರು ಎಂದು ಬರೆಯಲು ಕೈ ತುರಿಸುತ್ತಿದೆ. ಎಷ್ಟು ಚೆಂದದ ಸಾಲು! ಬೇಡ. ಒಮ್ಮೆ ಹಾಗೆ ಮಾಡಿ ಆಗಿದೆ. ಅವರು ಅಂದದ್ದು ಇಷ್ಟೇ:

"ಬರೂ ಐತವಾರೇನು? ಅವತ್ತ ನಾ ನೀರಮಾನ್ವಿ ಎಲ್ಲಮ್ಮನ ಗುಡಿಗೆ ಹೋಗಾಕಿ."

ಅಲ್ಲಿಗೆ ಹೋಗುವ ಮಾತು ಅವರು ಅಲ್ಲಿಯವರೆಗೆ ಆಡಿರಲಿಲ್ಲ. ಈ ಹನ್ನೆರಡು ವರ್ಷದ ನಾನಾಗಿದ್ದರೆ "ಆಯ್ತು ಅತ್ತಿ, ಮುಂದ ನೋಡೂಣು" ಎಂದು ಸುಮ್ಮನಾಗುತ್ತಿದ್ದೆ. ನನ್ನ ಪುಟ್ಟ ಬಿಳಿ ಬಟ್ಟಲು ಎಲ್ಲಿ ತಯಾರಾಯಿತೆಂದು ಆಗ ತಿಳಿಯಿತು.

"ಹೋಗಿ ಬರ್ರಿ ಅತ್ತಿ," ಅಂದೆ. "ಎಷ್ಟೊತ್ತಾದ್ರೂ ಆಗ್ಲಿ. ನೀವು ಬಂದ ಮ್ಯಾಲೆನ ಎಲ್ಲಾರೂ ಉಣ್ಣಾಕ ಕೂಡೂಣು. ಅಲ್ಲೀತನ ರತ್ನಮ್ಮನೂ ಕಾಯ್ತಾರ, ನಾನೂ ಕಾಯ್ತೀನಿ."

ಅತ್ತೆ ಎದ್ದು ಒಳಗೆ ಹೋದರು.

ನಾನು ರತ್ನಮ್ಮನಿಗೆ ಫೋನ್ ಮಾಡಿ, ಹೇಳಿದ್ದೂ ಕೇಳಿದ್ದೂ ಇದ್ದಂತೆಯೇ ಒಪ್ಪಿಸಿ, ಊಟಕ್ಕೆ ಕರೆದೆ. "ಬರ್ತೀನ್ರಿ. ಉಪಾಸ ಬರ್ತೀನಿ, ನೆನಪಿರಲಿ," ಎಂದು ನಕ್ಕರು. ನಾಗವೇಣಿ ಹಳೇ ಅಕ್ಕಿ ಕಳಿಸುತ್ತೇನೆಂದಿದ್ದಾರೆ. ಕುಂಬಳಕಾಯಿ ತಂದಿದ್ದೇನೆ. ದೊಡ್ಡ ಬಟ್ಟಲು ಅಟ್ಟದಿಂದ ಇಳಿಸಿ ತೊಳೆದಿಟ್ಟಿದ್ದೇನೆ.

ಇನ್ನೊಂದು ಕೆಲಸ ಬಾಕಿ ಇದೆ. ನಾಳೆ ಉಂಡು ಎದ್ದ ಮೇಲೆ ನನ್ನ ಡೈರಿಯನ್ನು ರತ್ನಮ್ಮನ ಕೈಗೆ ಕೊಡುತ್ತೇನೆ.

ಬಟ್ಟಲಿನಲ್ಲಿ ಎಷ್ಟು ಚಮಚ ಇದ್ದವೆಂದು ಈ ಸಲ ಅವರೇ ಬರೆಯಲಿ.