ಲಗಮವ್ವನ ಸುಳ್ಳು ಕೊಂಡಿ

ಇಳಕಲ್ಲ ಸೀರೆ ನೋಡಿದವರೆಲ್ಲ ಸೆರಗಿನ ಕೆಂಪನ್ನು ಹೊಗಳುತ್ತಾರೆ. ಆ ಸೆರಗು ಮೈಸೀರೆಗೆ ಹೇಗೆ ಕೂಡಿಕೊಂಡಿತು ಎಂದು ಒಬ್ಬರಾದರೂ ಕೇಳಬೇಕಲ್ಲ! ಸೆರಗಿನ ರೇಷ್ಮೆ ಎಳೆಗಳೇ ಬೇರೆ, ಮೈಯ ನೂಲೆಳೆಗಳೇ ಬೇರೆ. ಹೆಣ್ಣುಮಕ್ಕಳು ಕೂತು ಒಂದೊಂದೇ ಎಳೆಯನ್ನು ಮಡಿಸಿ, ಇದರ ಕುಣಿಕೆಯೊಳಗೆ ಅದರ ಕುಣಿಕೆ ತೂರಿಸಿ ಜೋಡಿಸಬೇಕು. ಅದಕ್ಕೆ ಕೊಂಡಿ ಎನ್ನುತ್ತಾರೆ. ಕಣ್ಣು ಕಿತ್ತು ಬರುವ ಕೆಲಸ. ಲಗಮವ್ವನ ಬಾಳು ಮುರಿದದ್ದನ್ನೂ ಕೂಡಿದ್ದನ್ನೂ ಹೇಳಬೇಕಾದರೆ ಈ ಕೊಂಡಿಯಿಂದಲೇ ಹಿಡಿದು ಹೇಳಬೇಕು.

ಹೋದ ಶತಮಾನದ ಮೊದಲ ವರ್ಷಗಳ ಮಾತು. ತಂದೆತಾಯಿ ಇಲ್ಲದ ಲಗಮವ್ವನನ್ನು ಸಾಕಿದವಳು ಇಳಕಲ್ಲಿನ ಅವಳ ದೊಡ್ಡವ್ವ ಬೋರವ್ವ. ಹುಡುಗಿ ಮೈನೆರೆದ ಮರುವರ್ಷವೇ ಹುನಗುಂದದ ಚಂದಪ್ಪನಿಗೆ ಕೊಟ್ಟು ಕೈತೊಳೆದುಕೊಂಡಳು. ಚಂದಪ್ಪನದು ಬಂಡಿ ಹೊಡೆಯುವ ಕಸುಬು. ಬಾಗಲಕೋಟೆಯಿಂದ ನೂಲಿನ ಗಂಟು ತಂದು ಇಳಕಲ್ಲಿನ ನೇಕಾರರಿಗೆ ಇಳಿಸುವನು. ಊರವರ ಮುಂದೆ ನಗುಮುಖ, ಬಾಯಿ ತೆರೆದರೆ ಬೆಲ್ಲ. ಎಂಥ ಅಳಿಯ ಸಿಕ್ಕ ಎಂದು ಬೋರವ್ವ ಓಣಿಯ ತುಂಬ ಹೇಳಿಕೊಂಡು ತಿರುಗಿದಳು.

ಮನೆಯೊಳಗಿನ ಚಂದಪ್ಪನೇ ಬೇರೆ. ಹೊಡೆಯುವುದಕ್ಕೂ ಅವನದೊಂದು ರೀತಿ ಇತ್ತು. ಮೊದಲು ಹೆಂಡತಿಯ ಸೆರಗು ಹಿಡಿದು ಮುಷ್ಟಿಗೆ ಸುತ್ತಿಕೊಳ್ಳುವನು, ಅವಳು ಓಡಬಾರದೆಂದು. ಆಮೇಲೆ ಎತ್ತಿಗೆ ಬೀಸುವ ಬಾರಕೋಲು. ಒಮ್ಮೆ ಕಪಾಳಕ್ಕೆ ಬಿದ್ದ ಏಟಿಗೆ ಎಡಗಿವಿ ಗುಂಯ್ ಎಂದದ್ದು ಮತ್ತೆ ತೆರೆಯಲೇ ಇಲ್ಲ. ತುಂಬಿದ ಬಸುರಿಯಾಗಿದ್ದಾಗ ರೊಟ್ಟಿ ಆರಿದೆಯೆಂದು ಒದ್ದ, ಹೊಸ್ತಿಲ ಮೇಲೆ ಬಿದ್ದಳು, ಹೊಟ್ಟೆಯೊಳಗಿನ ಕೂಸು ಹೋಯಿತು. ಆರಿದ ರೊಟ್ಟಿಗೆ ಒಂದು ಜೀವ! ಅವನ ಕೈಗೆ ಹುಳ ಬೀಳಲಿ. ಆ ಕೂಸು ಹೆಣ್ಣೋ ಗಂಡೋ ಎಂಬುದನ್ನೂ ಲಗಮವ್ವನಿಗೆ ಯಾರೂ ಹೇಳಲಿಲ್ಲ.

ಮೈಯಲ್ಲಿ ಒಂದಿಷ್ಟು ಶಕ್ತಿ ಬಂದ ಮೇಲೆ ನಸುಕಿನಲ್ಲಿ ಎದ್ದು ಇಳಕಲ್ಲಿಗೆ ನಡೆದುಕೊಂಡೇ ಬಂದಳು. ಕುಲದ ಹಿರಿಯರು, ಅಂದರೆ ದೈವದವರು, ಕೂಡಿ ಮತ್ತೆ ಕಳಿಸಿದರು. "ಗಂಡ ಅಂದ ಮ್ಯಾಲ ಒಂದ್ ಮಾತು ಬರ್ತೈತಿ, ಒಂದ್ ಏಟು ಬೀಳ್ತೈತಿ, ತಡ್ಕೋಬೇಕವ್ವಾ" ಎಂದರು ದೈವದ ಮುಖ್ಯಸ್ಥ ಹುಲ್ಲಪ್ಪನವರು. ತಡೆದುಕೊಳ್ಳುವುದು ಎಷ್ಟು ಸುಲಭ ನೋಡಿ, ಬೇರೆಯವರ ಬೆನ್ನಾದರೆ! ಮತ್ತೆ ಓಡಿಬಂದಳು. ಈ ಸಲ ಬೆನ್ನಿನ ಬಾಸುಂಡೆ ಕಂಡ ಬೋರವ್ವ ಬಾಗಿಲಿಗೆ ಅಡ್ಡ ಕೂತಳು. "ನನ್ನ ಹೆಣಾ ದಾಟಿ ಕರ್ಕೊಂಡ್ ಹೋಗ್ರಿ" ಎಂದಳು.

ಬಿಡುಗಡೆಗೆ ಅವರ ಕುಲದಲ್ಲಿ ಒಂದು ದಾರಿ ಇತ್ತು. ಗಂಡನಾದವನು ದೈವದ ಮುಂದೆ ತನ್ನ ಕೈಯಾರೆ ಹೆಂಡತಿಯ ಸೆರಗು ಹರಿಯಬೇಕು. ಹರಿದರೆ ಸಂಬಂಧ ಹರಿಯಿತು. ಆಮೇಲೆ ಅವಳು ಉಡಕಿಯಾಗಬಹುದು, ಅಂದರೆ ಮತ್ತೊಬ್ಬ ಕೊಟ್ಟ ಸೀರೆ ಉಟ್ಟು ಅವನ ಮನೆ ಸೇರಬಹುದು. ಹರಿಯದಿದ್ದರೆ ಸಾಯುವ ತನಕ ಅವನ ಹೆಂಡತಿಯೇ. ಚಂದಪ್ಪ ಇದನ್ನು ಚೆನ್ನಾಗಿ ಬಲ್ಲ. ನೂಲು ಇಳಿಸಲು ಬಂದಾಗಲೆಲ್ಲ ಬೋರವ್ವನ ಬಾಗಿಲ ಮುಂದೆ ಬಂಡಿ ನಿಲ್ಲಿಸಿ ಹಲ್ಲು ಕಿರಿಯುವನು. "ಹರಿಯಂಗಿಲ್ಲ. ಹಿಂಗ ಮುದುಕಿ ಆಗಿ ಸಾಯಿ."

ಬೋರವ್ವನ ಪಕ್ಕದ ಮನೆ ಮಾಳಪ್ಪನದು. ಹೆಂಡತಿ ಪ್ಲೇಗಿನಲ್ಲಿ ತೀರಿಕೊಂಡ ಮೇಲೆ ಮಗ್ಗವೊಂದೇ ಅವನ ಸಂಸಾರ. ನೇಯ್ದ ಪ್ರತಿ ಸೀರೆಯನ್ನೂ ಮಡಿಸುವ ಮೊದಲು ಕೊಂಡಿಯ ಎರಡೂ ಕಡೆ ಹಿಡಿದು ಚಟ್ಟನೆ ಜಗ್ಗಿ ನೋಡುವನು. ಅವನ ಕೊಂಡಿ ಬಿಚ್ಚಿತೆಂದು ಸಂತೆಯಲ್ಲಿ ಯಾರೂ ಹೇಳಿದ್ದಿಲ್ಲ. ಲಗಮವ್ವ ಅವನ ಮಗ್ಗಕ್ಕೆ ಕೊಂಡಿ ಹಾಕುವ ಕೆಲಸಕ್ಕೆ ಸೇರಿದಳು.

ಸೇರಿದ ಹೊಸದರಲ್ಲಿ ಮಾಳಪ್ಪ ಮೇಲೆ ಕಟ್ಟಿದ ಹಗ್ಗ ಸರಿಮಾಡಲು ಕೈ ಎತ್ತಿದ. ಲಗಮವ್ವ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಗೋಡೆಗೆ ಅಂಟಿಬಿಟ್ಟಳು. ಮಾಳಪ್ಪ ಹತ್ತಿರ ಬರಲಿಲ್ಲ, ಏನೂ ಕೇಳಲಿಲ್ಲ. ಮಗ್ಗದ ಕೆಳಗಿನ ಕುಣಿಯಲ್ಲಿ ಕೂತೇ ಮೆಲ್ಲಗೆ ಕೈ ಇಳಿಸಿದ. ಅಂದಿನಿಂದ ಕೈ ಎತ್ತುವ ಮೊದಲು "ಕೈ ಎತ್ತತೇನಿ, ಲಗಮವ್ವ" ಎಂದು ಹೇಳಿಯೇ ಎತ್ತುವನು. ಮಾತಾಡುವುದಿದ್ದರೆ ಅವಳ ಬಲಗಿವಿಯ ಕಡೆ ಕೂಡುವನು. ಓಣಿಯ ಜನ ನಕ್ಕರು, ಗಂಡಸಿಗೆ ತಲೆ ಕೆಟ್ಟಿದೆ ಎಂದರು. ಅವನು ತಲೆ ಕೆಡಿಸಿಕೊಳ್ಳಲಿಲ್ಲ.

ಮಳೆ ಬಂತು, ಚಳಿ ಹೋಯಿತು. ಒಂದು ದಿನ ಅವನು "ಕೈ ಎತ್ತತೇನಿ" ಎಂದಾಗ ಲಗಮವ್ವನ ಬಾಯಿಂದ ತಾನಾಗಿ ಬಂತು:

"ಎತ್ರಿ, ಎತ್ರಿ. ದಿನಾ ಡಂಗುರಾ ಹೊಡ್ಯಾಕ ಅದೇನ್ ಸರಕಾರದ ಕೈ ಏನ್ರಿ?"

ಹೇಳಿ ನಕ್ಕಳು. ನಕ್ಕದ್ದು ತಾನೇ ಎಂದು ಗೊತ್ತಾದಾಗ ಹೆದರಿ ಬಾಯಿ ಮುಚ್ಚಿಕೊಂಡಳು. ಮಾಳಪ್ಪ ತಲೆ ತಗ್ಗಿಸಿ ನೇಯುತ್ತಲೇ ಹೇಳಿದ, "ನಿಂದು ಹರದ ದಿನ ನಾ ಸೀರಿ ಕೊಡ್ತೇನಿ. ಉಡೋದು ಬಿಡೋದು ನಿನ್ನ ಮರ್ಜಿ." ಲಗಮವ್ವನಿಗೆ ಕಣ್ಣು ಮಂಜಾಗಿ ಕೈಯೊಳಗಿನ ಎಳೆ ಕಾಣದಾಯಿತು. ಅವನನ್ನು ಕಂಡರೆ ಅವಳಿಗೆ ಪ್ರೀತಿಯಿತ್ತು. ಇದ್ದೇನು ಮಾಡುವುದು?

ಈ ಸುದ್ದಿ ಚಂದಪ್ಪನ ಕಿವಿಗೆ ಬೀಳದೆ ಇದ್ದೀತೇ? ಹೊಟ್ಟೆಗೆ ಬೆಂಕಿ ಬಿದ್ದವನಂತೆ ಬಂದು ದೈವಕ್ಕೆ ದೂರು ಕೊಟ್ಟ. ಬರುವ ಸೋಮವಾರ ಹೆಂಡತಿಯನ್ನು ಬಂಡಿ ಹತ್ತಿಸಬೇಕು, ಇಲ್ಲವಾದರೆ ಬೋರವ್ವನನ್ನು ಕುಲದಿಂದ ಹೊರಗಿಡಬೇಕು. ಹಿರಿಯರು ಒಪ್ಪಿದರು. ಈ ಸಲ ಬಂಡಿ ಹತ್ತಿದರೆ ತನ್ನ ಹೆಣವೇ ಇಳಿಯುವುದೆಂದು ಲಗಮವ್ವನಿಗೆ ಖಾತ್ರಿಯಿತ್ತು.

ಆಗ ಮಗ್ಗದ ಮೇಲೆ ಬರುವುದಿದ್ದುದು ಅವಳದೇ ಸೀರೆ. ವರ್ಷಕ್ಕೊಂದು ಸೀರೆ ಕೂಲಿಯ ಲೆಕ್ಕದಲ್ಲಿ ಅವಳಿಗೆ ಸೇರಬೇಕು. ಲಗಮವ್ವ ಕೊಂಡಿ ಹಾಕಲು ಕೂತಳು. ಹಾಕಲಿಲ್ಲ. ಅಲ್ಲೊಂದು ಇಲ್ಲೊಂದು ಕುಣಿಕೆ ಸರಿಯಾಗಿ ತೂರಿಸಿ, ಉಳಿದ ಎಳೆಗಳನ್ನು ಬರೀ ತುದಿಗೆ ತುದಿ ಹೊಸೆದು ಗಂಜಿ ಹಚ್ಚಿ ಒಣಗಿಸಿದಳು. ಗಂಜಿ ಇರುವ ತನಕ ಹಿಡಿದೀತು, ತೊಳೆದರೆ ಮುಗಿಯಿತು. ಮಾಳಪ್ಪನ ಮಗ್ಗದ ಹೆಸರು ಕೆಡಿಸುತ್ತಿದ್ದೇನೆ ಎಂದು ಅವಳಿಗೆ ಗೊತ್ತಿತ್ತು. ಆದರೂ ಕೈ ನಿಲ್ಲಿಸಲಿಲ್ಲ.

ನೇಯ್ಗೆ ಆ ಜಾಗಕ್ಕೆ ಬಂದಾಗ ಅಡ್ಡನೂಲು ಹಾಯಿಸುವ ಮಾಳಪ್ಪನ ಲಾಳಿ ನಿಂತಿತು. "ಕೈ ಎತ್ತತೇನಿ" ಎಂದ. ಹಣೆಯ ಬೆವರು ಒರೆಸಿಕೊಂಡ. ಮತ್ತೆ ನೇಯತೊಡಗಿದ. ಸೀರೆ ಇಳಿಸಿದ ಮೇಲೆ ಮಡಿಸಿ ಅವಳ ಮುಂದಿಟ್ಟು ಹೊರಗೆ ಹೋದ. ಸದ್ಯ, ಗೊತ್ತಾಗಲಿಲ್ಲ ಎಂದು ಲಗಮವ್ವ ಉಸಿರು ಬಿಟ್ಟಳು. ಅವನು ಜಗ್ಗಿ ನೋಡಲಿಲ್ಲವಲ್ಲ ಎಂಬುದು ಅವಳಿಗೆ ಆಗ ಹೊಳೆಯಲಿಲ್ಲ. ರವಿವಾರ ಬಿಸಿನೀರು ಕಾಯಿಸಿ ಸೀರೆಯನ್ನು ಮೆಲ್ಲಗೆ ನೆನೆಸಿ ಒಣಹಾಕಿದಳು. ಗಂಜಿ ಬಿಟ್ಟುಹೋಯಿತು, ಈಗ ಸೆರಗನ್ನು ಹಿಡಿದಿದ್ದುದು ಅಲ್ಲೊಂದು ಇಲ್ಲೊಂದು ಹಾಕಿದ ಕುಣಿಕೆ ಮಾತ್ರ.

ಸೋಮವಾರ ಗುಡಿಯ ಕಟ್ಟೆಯ ಮೇಲೆ ದೈವ ಕೂಡಿತು. ಲಗಮವ್ವ ಅದೇ ಸೀರೆ ಉಟ್ಟು, ಚಂದಪ್ಪನ ಕೈಗೆ ಎಟಕುವಷ್ಟು ಹತ್ತಿರ ನಿಂತಳು. "ಹೋಗವ್ವಾ, ಬಂಡಿ ಹತ್ತು" ಎಂದರು ಹುಲ್ಲಪ್ಪನವರು.

ಲಗಮವ್ವ ಗಂಡನ ಮುಖ ನೋಡಿದಳು. ಆ ಕಾಲದಲ್ಲಿ ಗಂಡನ ಹೆಸರು ಹಿಡಿಯುವ ಹೆಂಡತಿ ಎಲ್ಲಿದ್ದಳು?

"ಚಂದಪ್ಪಾ," ಎಂದಳು, ಕಟ್ಟೆಗೆಲ್ಲ ಕೇಳುವ ಹಾಗೆ. "ನಾ ಬರಂಗಿಲ್ಲ. ನೀ ನನ್ನ ಕೂಸು ತಿಂದಾಂವ."

ನೆರೆದವರು ಹೌಹಾರಿದರು. ಚಂದಪ್ಪನ ಬೆಲ್ಲದ ಬಾಯಿ ಅಲ್ಲಿಗೇ ಮುಗಿಯಿತು. ಅವಳು ಎಣಿಸಿದಂತೆಯೇ ಸೆರಗಿಗೆ ಕೈ ಹಾಕಿ ಮುಷ್ಟಿಗೆ ಸುತ್ತಿಕೊಂಡ, ಇನ್ನೊಂದು ಕೈಯಿಂದ ಬಾಯಿಗೆ ಗುದ್ದಿದ. ಹಲ್ಲೊಂದು ಮುರಿಯಿತು. ಅವಳು ತಲೆ ಮುಚ್ಚಿಕೊಳ್ಳಲಿಲ್ಲ. ಮೈಯ ಭಾರವನ್ನೆಲ್ಲ ಹಾಕಿ ಹಿಂದಕ್ಕೆ ಬಿದ್ದಳು. ಪರ್ರನೆ ಸದ್ದಾಯಿತು. ಸೆರಗು ಪೂರ್ತಿ ಅವನ ಮುಷ್ಟಿಯಲ್ಲಿ, ಅವಳು ಮಣ್ಣಿನಲ್ಲಿ. ಬೋರವ್ವ ಓಡಿಬಂದು ತನ್ನ ಕಂಬಳಿ ಹೊದಿಸಿದಳು.

"ಹರದಾನ!" ಎಂದು ಬೋರವ್ವ ಕಿರುಚಿದಳು. "ದೈವದ ಮುಂದ ತನ್ನ ಕೈಲೇ ಹರದಾನ!"

"ನಾ ಹರದಿಲ್ರೀ," ಚಂದಪ್ಪ ತೊದಲಿದ. "ಕೊಂಡೀನ ಖೊಟ್ಟಿ ಐತಿ, ತಾನ ಬಿಚ್ಚಿ ಬಂತು!"

ಹುಲ್ಲಪ್ಪನವರು ಸೆರಗು ಇಸಕೊಂಡು ತಿರುವಿ ನೋಡಿದರು. ಅವರ ಮುಪ್ಪಿನ ಕಣ್ಣಿಗೆ ಏನೂ ತಿಳಿಯಲಿಲ್ಲ. ಮಾಳಪ್ಪನನ್ನು ಮುಂದೆ ಕರೆದು, ಅವನ ಮಗ್ಗದ ಲಾಳಿ ತರಿಸಿದರು. ಲಾಳಿ ಮುಟ್ಟಿ ಸುಳ್ಳು ಹೇಳಿದ ನೇಕಾರನ ಮನೆ ಉಳಿಯುವುದಿಲ್ಲವೆಂದು ಅವರೆಲ್ಲ ನಂಬಿದ್ದರು.

"ಮಾಳಪ್ಪಾ, ಲಾಳಿ ಮುಟ್ಟಿ ಹೇಳು. ಕೊಂಡಿ ಸರಿ ಐತೋ ಇಲ್ಲೋ?"

ಮಾಳಪ್ಪ ಸೆರಗಿನ ಅಂಚನ್ನು ಬೆರಳಿಂದ ಸವರಿದ. ಹೊಸೆದ ತುದಿಗಳು ಸಾಲಾಗಿ ನೆಟ್ಟಗೆ ನಿಂತಿದ್ದವು, ನೇಯ್ಗೆ ಬಲ್ಲ ಬೆರಳಿಗೆ ಥಟ್ಟನೆ ತಿಳಿಯುವಂತೆ. ಮುಗಿಯಿತು ನನ್ನ ಕಥೆ ಎಂದುಕೊಂಡು ಲಗಮವ್ವ ಕಣ್ಣು ಮುಚ್ಚಿದಳು. ಅವನು ಲಾಳಿಯ ಮೇಲೆ ಕೈಯಿಟ್ಟ.

"ಕೊಂಡಿ ಸರಿ ಐತ್ರಿ," ಎಂದ. "ಅಂವಾ ಹರದಾನ."

ದೈವ ಒಪ್ಪಿತು. ಚಂದಪ್ಪ ಬೈಯುತ್ತ ಬಂಡಿ ಹೂಡಿಕೊಂಡು ಹೋದ.

ಅಲ್ಲಿಗೆ ಎಲ್ಲ ಸುಖವಾಯಿತೆಂದು ತಿಳಿಯಬೇಡಿ. ಓಣಿಯಲ್ಲಿ ಯಾರದೇ ಬಂಡಿಯ ಗೆಜ್ಜೆ ಕೇಳಿದರೂ ಲಗಮವ್ವ ಮುದುಕಿಯಾಗುವ ತನಕ ಬಾಗಿಲ ಹಿಂದೆ ಸರಿಯುತ್ತಿದ್ದಳು. ಮಾಳಪ್ಪ ಆ ಲಾಳಿಯನ್ನು ಗೋಡೆಯ ಗೂಡಿನಲ್ಲಿಟ್ಟು ಹೊಸದು ಮಾಡಿಸಿದ. ಯಾಕೆಂದು ಅವಳು ಕೇಳಿದ್ದಕ್ಕೆ, "ಅದನ್ನ ಮುಟ್ಟಿ ಸುಳ್ಳು ಹೇಳೇನಿ. ಅದರಲೇ ನೇಯಾಕ ಕೈ ಬರಂಗಿಲ್ಲ" ಎಂದ. "ನೇಯೂಮುಂದನ ಗೊತ್ತಾಗಿತ್ತೇನ್ರಿ?" ಎಂದರೆ ತಲೆ ತಗ್ಗಿಸಿ ನೂಲು ಬಿಡಿಸತೊಡಗಿದ. ಅವಳು ಅತ್ತಳು.

ಉಡಕಿಯ ಸೀರೆಗೆ ಕೊಂಡಿ ಹಾಕಿದವಳೂ ಲಗಮವ್ವನೇ. ಈ ಸಲ ಒಂದು ಎಳೆಯನ್ನೂ ಬಿಡಲಿಲ್ಲ. ಮಾಳಪ್ಪ ನೇಯ್ದು ಮುಗಿಸಿ, ಸೀರೆ ಇಳಿಸಿ ಮಡಿಸತೊಡಗಿದ.

"ಜಗ್ಗಿ ನೋಡ್ರೆಲಾ," ಎಂದಳು. "ಎಲ್ಲಾ ಸೀರಿ ಜಗ್ಗಿ ನೋಡ್ತೀರಿ."

"ನಿನ್ನ ಸೆರಗು ನಾ ಜಗ್ಗಂಗಿಲ್ಲ," ಎಂದ ಮಾಳಪ್ಪ.

ಲಗಮವ್ವ ಸೀರೆಯನ್ನು ಅವನ ಕೈಯಿಂದ ಇಸಕೊಂಡು, ಕೊಂಡಿಯ ಎರಡೂ ಕಡೆ ಹಿಡಿದು ತಾನೇ ಜಗ್ಗಿದಳು. ಬಿಚ್ಚಲಿಲ್ಲ.