ಇಟ್ಟಿಗೆ ಹಂಚಿದ ಊರಿನಲ್ಲಿ ಬೀದಿ ಕಾಯುವ ವಿಲ್ಡಾ

ಟಲ್ಲಿಸ್‌ಬರ್ಗ್ ನಗರದ ಸುಮಾರು ನೂರೆಂಬತ್ತು ವರ್ಷಗಳ ಚರಿತ್ರೆಯಲ್ಲಿ ಅಂತರ್ಯುದ್ಧ, ಎರಡು ಮಹಾನೆರೆ, ಒಂದು ಬ್ಯಾಂಕಿನ ದಿವಾಳಿ ಎಲ್ಲವೂ ಆಗಿಹೋಗಿವೆ. ಅವುಗಳ ಸಾಲಿಗೆ ಸೇರಬೇಕಾದ ಸಂಗತಿಯೊಂದು ಈ ವಸಂತದಲ್ಲಿ ಒದಗಿದೆ ಎಂಬುದನ್ನು ಓದುಗರ ಗಮನಕ್ಕೆ ಗಂಭೀರವಾಗಿ ತರಬೇಕಾಗಿದೆ. ಸ್ಪ್ರಿಂಗ್ ಬೀದಿಯಲ್ಲಿ, ಕ್ಷೌರದಂಗಡಿಯ ಎದುರಿಗೆ, ಗುಂಡಿ ಬಿದ್ದಿದೆ.

ಗುಂಡಿಯೊಳಗೆ ವಿಲ್ಡಾ ಕೊವಾಚ್ ಮಂಡಿಯೂರಿದ್ದಾರೆ. ಗುರುವಾರ, ಸರಿಯಾಗಿ ಬೆಳಕಾಗಿಲ್ಲ. ಓಹಾಯೊ ನದಿಯ ಮಂಜು ಬೀದಿಯ ತುದಿಯಲ್ಲಿ ನಿಂತೇ ಇದೆ. ವಿಲ್ಡಾ ಮರಳನ್ನು ಹಲಗೆಯಿಂದ ಎಳೆದು ಸಮ ಮಾಡುತ್ತಾರೆ, ದಾರ ಬಿಗಿಯುತ್ತಾರೆ, ಇಟ್ಟಿಗೆಯನ್ನು ದಾರಕ್ಕೆ ಸರಿಯಾಗಿ ಕೂರಿಸಿ ರಬ್ಬರ್ ಸುತ್ತಿಗೆಯಿಂದ ಎರಡು ಏಟು ಕೊಡುತ್ತಾರೆ. ನಗರಸಭೆಯ ಬೀದಿ ಇಲಾಖೆಯಲ್ಲಿ ಇಟ್ಟಿಗೆ ಹಾಸಬಲ್ಲವರು ಇವರೊಬ್ಬರೇ. ಮಿಕ್ಕವರೆಲ್ಲ ಡಾಂಬರಿನವರು. ಅವರಲ್ಲೊಬ್ಬ, ಟ್ರಕ್ ಓಡಿಸುವ ಡೆನ್ವರ್ ಟಿಬ್ಸ್, ಗುಂಡಿಯ ಪಕ್ಕ ಬಕೆಟ್ ಬೋರಲು ಹಾಕಿಕೊಂಡು ಕಾಫಿ ಕುಡಿಯುತ್ತಿದ್ದಾನೆ.

"ಡಾಂಬರು ಸುರಿದಿದ್ರೆ ಇಷ್ಟೊತ್ತಿಗೆ ಆರಾಮಾಗಿ ಕೂತ್ಕೊಂಡು ಮೊಟ್ಟೆ ತಿಂತಿದ್ವಿ ಕಣಮ್ಮಾ."

"ನೀನು ಇಲ್ಲೂ ಕೂತೇ ಇದ್ದೀಯಲ್ಲೋ. ಮೊಟ್ಟೆ ಒಂದು ಕಮ್ಮಿ, ಅಷ್ಟೇ."

ನಮ್ಮದು ಒಂದು ಊರಾಗಿ ಹುಟ್ಟಿದ್ದಲ್ಲ, ಎರಡಾಗಿ ಹುಟ್ಟಿದ್ದು. ದೋಣಿ ದಾಟಿಸುತ್ತಿದ್ದ ಟಲ್ಲಿ ನದಿಯ ತಿರುವಿಗೆ ಒಪ್ಪುವಂತೆ ಬೀದಿಗಳನ್ನು ಹಾಕಿದ. ಆಮೇಲೆ ಬಂದ ರೈಲಿನವರು ತಮ್ಮ ಹಳಿಗೆ ಸರಿಯಾಗಿ ನಿವೇಶನ ಅಳೆದರು. ದಂಡೆಯವರು, ಹಳಿಯವರು ಇಪ್ಪತ್ತು ವರ್ಷ ಒಬ್ಬರ ಚರ್ಚಿಗೆ ಇನ್ನೊಬ್ಬರು ಕಾಲಿಡಲಿಲ್ಲ. ಗುಡ್ಡದಲ್ಲಿ ಒಳ್ಳೆಯ ಜೇಡಿಮಣ್ಣು ಸಿಕ್ಕಿತು, ಇಟ್ಟಿಗೆ ಕಾರ್ಖಾನೆ ಬಂತು. ದೇವರು ಮಾಡಲಾಗದ ರಾಜಿಯನ್ನು ಕೂಲಿ ಮಾಡಿತು. ಎರಡು ಊರುಗಳು ಕೂಡಿದ ಜಾಗವೇ ಸ್ಪ್ರಿಂಗ್ ಬೀದಿ. ಆದರೆ ಬೀದಿಗಳು ಓರೆಯಾಗಿ ಸಂಧಿಸಿದ್ದರಿಂದ ನಡುವೆ ಬೆಣೆಯ ಹಾಗೆ ಒಂದು ತುದಿ ಚೂಪಾದ, ಪಚ್ಚರದಾಕಾರದ ತುಂಡು ಉಳಿಯಿತು. ಅದಕ್ಕೆ ಇಟ್ಟಿಗೆಯನ್ನು ಕೈಯಿಂದಲೇ ಕತ್ತರಿಸಿ ಕೂರಿಸಿದ್ದಾರೆ. ಕಳೆದ ತಿಂಗಳು ನೀರಿನ ಪೈಪು ಒಡೆದದ್ದು ಸರಿಯಾಗಿ ಅಲ್ಲೇ. ಅಗೆದವರು ಮಣ್ಣಿನ ಜೊತೆಗೆ ಇಟ್ಟಿಗೆಯನ್ನೂ ಹೇರಿಕೊಂಡು ಹೋಗಿ ನದಿಗೆ ಸುರಿದು ಬಂದರು.

ಹೊಸ ಇಟ್ಟಿಗೆ ಹಾಕಿದರಾಯಿತಲ್ಲ ಎನ್ನಬಹುದು. ಕಾರ್ಖಾನೆ ಮುಚ್ಚಿ ನಲವತ್ತು ವರ್ಷವಾಯಿತು. ಬೇರೆ ಊರಿನ ಇಟ್ಟಿಗೆ ಇದರ ಅಳತೆಗೆ ಬರುವುದಿಲ್ಲ. ದಾಸ್ತಾನು ಎಲ್ಲಿ ಹೋಯಿತು ಎಂದರೆ ಊರಿನ ಹಿರಿಯರು ಕೆಮ್ಮುತ್ತಾರೆ. ಹೈಸ್ಕೂಲು ಮುಗಿಸಿದ ಪ್ರತಿಯೊಬ್ಬರಿಗೂ ವೇದಿಕೆಯ ಮೇಲೆ, ಊರಿನ ಹೆಸರು ಒತ್ತಿದ ಒಂದು ಇಟ್ಟಿಗೆ ಕೊಡುವುದು ಇಲ್ಲಿನ ಪದ್ಧತಿ. ಕಾರ್ಖಾನೆಯ ಗೂಡು ಉರಿಯುತ್ತಿದ್ದ ಕಾಲದಲ್ಲಿ ಶುರುವಾದದ್ದು. ಕಾರ್ಖಾನೆ ನಿಂತರೂ ಪದ್ಧತಿ ನಿಲ್ಲಲಿಲ್ಲ. ಇಲಾಖೆಯ ಅಂಗಳದ ರಾಶಿಯಿಂದ ವರ್ಷವರ್ಷವೂ ಕೊಟ್ಟರು, ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ತನ್ನ ಬೀದಿಯನ್ನು ಇಷ್ಟು ಸಂಭ್ರಮದಿಂದ ಹಂಚಿ ಮುಗಿಸಿದ ನಗರ ಇನ್ನೊಂದಿದ್ದರೆ ನನಗೆ ತಿಳಿದಿಲ್ಲ.

ಪ್ರತಿ ಮೇ ತಿಂಗಳು ಆ ಇಟ್ಟಿಗೆಗಳನ್ನು ತಂತಿಬ್ರಷ್ಷಿನಿಂದ ತಿಕ್ಕಿ ತೊಳೆದು ಶಾಲೆಗೆ ಒಪ್ಪಿಸುವುದೂ ವಿಲ್ಡಾ ಅವರ ಕೆಲಸವೇ. ಅವರ ಅಜ್ಜ ಹಂಗೆರಿಯಿಂದ ಬಂದು ಇಲ್ಲಿನ ಗೂಡಿಗೆ ಕಲ್ಲಿದ್ದಲು ಹಾಕಿದವರು, ಅಪ್ಪ ಅದೇ ಗೂಡನ್ನು ಕೊನೆಯ ಸಲ ಆರಿಸಿದವರು. ಆ ವರ್ಷವೇ ವಿಲ್ಡಾ ಹನ್ನೊಂದನೇ ತರಗತಿ ಬಿಟ್ಟು ಹೋಟೆಲಿನಲ್ಲಿ ತಟ್ಟೆ ತೊಳೆಯಲು ನಿಂತರು. ಮುಂದೆ ಬೀದಿ ಇಲಾಖೆಗೆ ಸೇರಿದಾಗ ಹೆಂಗಸು ಎಂಬ ಕಾರಣಕ್ಕೆ ಟ್ರಕ್ ಕೊಡಲಿಲ್ಲ, ಯಾರಿಗೂ ಬೇಡವಾದ ಇಟ್ಟಿಗೆ ಕೆಲಸಕ್ಕೆ ಹಾಕಿದರು. ನಿವೃತ್ತಿಯ ಅಂಚಿನಲ್ಲಿದ್ದ ಹೊರೇಸ್ ಎಂಬ ಮುದುಕರು ಕಲಿಸಿದರು. ಈಗ ವಿಲ್ಡಾಗೆ ಐವತ್ತೆಂಟು. ಒಂದು ಮಂಡಿ ಲೋಹದ್ದು. ದಿನಕ್ಕೆ ಮುನ್ನೂರು ಇಟ್ಟಿಗೆ ಹಾಸುತ್ತಾರೆ, ಮಳೆ ಬಂದರೆ ಅದರರ್ಧ.

"ನಮ್ ಇಟ್ಟಿಗೆ ಒಂದ್ ಮುಖ ಸವೆದ್ರೆ ಮಗುಚಿ ಹಾಕ್ತೀವಿ, ಇನ್ನೂ ಐವತ್ ವರ್ಷ ಬರುತ್ತೆ. ಡಾಂಬರು ಮಗುಚಿ ನೋಡೋಣ" ಎನ್ನುತ್ತಾರೆ.

ನಗರಸಭೆ ಹೇಳಿರುವುದು ಇಷ್ಟು: ಸೋಮವಾರ ಬೆಳಿಗ್ಗೆಯೊಳಗೆ ಗುಂಡಿ ಮುಚ್ಚಬೇಕು, ಇಲ್ಲವಾದರೆ ಬೀದಿಯುದ್ದಕ್ಕೂ ಡಾಂಬರು. ಅಂಗಳದಲ್ಲಿ ಕೊನೆಯ ರಾಶಿಯೊಂದಿದೆ. ಅದನ್ನು ಶುಕ್ರವಾರದ ಸಮಾರಂಭಕ್ಕೆಂದು ತೆಗೆದಿಟ್ಟಿದ್ದಾರೆ. ಬುಧವಾರ ವಿಲ್ಡಾ ಅದನ್ನು ಯಥಾಪ್ರಕಾರ ತಿಕ್ಕಿ ತೊಳೆದಿದ್ದಾರೆ, ಆಮೇಲೆ ಶಾಲೆಯ ಬದಲು ಗುಂಡಿಯ ಪಕ್ಕಕ್ಕೆ ತಂದಿಳಿಸಿದ್ದಾರೆ. ಯಾರನ್ನೂ ಕೇಳಿಲ್ಲ.

ಎಂಟು ಗಂಟೆಗೆ ಶಾಲೆಯ ಪ್ರಾಂಶುಪಾಲೆ ಫಿಲಿಸ್ ಎಬರ್ಲಿ ಕಾರು ನಿಲ್ಲಿಸಿ ಇಳಿಯುತ್ತಾರೆ.

"ವಿಲ್ಡಾ, ಅವು ನಮ್ಮ ಮಕ್ಕಳ ಇಟ್ಟಿಗೆ."

"ಹೌದು ಮೇಡಂ. ಮಕ್ಕಳು ಇದರ ಮೇಲೇ ಓಡಾಡ್ತಾರೆ."

"ನಾಳೆ ವೇದಿಕೆ ಮೇಲೆ ನಾನೇನು ಕೊಡಲಿ? ಕೈ ಕುಲುಕಿ ಕಳಿಸ್ಲಾ?"

"ನಿಮ್ ಇಟ್ಟಿಗೆ ಎಲ್ಲಿದೆ ಮೇಡಂ? ನಿಮಗೂ ಕೊಟ್ಟಿದ್ರಲ್ಲ."

ಪ್ರಾಂಶುಪಾಲರು ಸ್ವಲ್ಪ ಯೋಚಿಸುತ್ತಾರೆ. "ಗ್ಯಾರೇಜಲ್ಲಿ. ಬಾಗಿಲಿಗೆ ಅಡ್ಡ ಇಟ್ಟಿದೀನಿ."

"ಬಾಗಿಲಿಗೆ ಮರದ ತುಂಡು ಸಾಕು" ಎಂದು ವಿಲ್ಡಾ ಮತ್ತೊಂದು ಇಟ್ಟಿಗೆಗೆ ಏಟು ಹಾಕುತ್ತಾರೆ. ಡೆನ್ವರ್ ಕಾಫಿ ಲೋಟದೊಳಗೆ ನಗುತ್ತಾನೆ.

ಈ ಮಾತು ಕ್ಷೌರದಂಗಡಿಯ ಕಿಟಕಿಯಿಂದ ಒಳಗೆ ಹೋಗಿ, ಊಟದ ಹೊತ್ತಿಗೆ ಊರೆಲ್ಲ ಸುತ್ತಿ ಬರುತ್ತದೆ. ಶುಕ್ರವಾರ ಸಂಜೆಗೆ ರಾಶಿ ಮುಗಿಯುತ್ತದೆ. ಪಚ್ಚರದ ಚೂಪು ತುದಿ ಮಾತ್ರ ಬರಿ ಮರಳಾಗಿ ಉಳಿಯುತ್ತದೆ. ಶನಿವಾರ ಬೆಳಿಗ್ಗೆ ವಿಲ್ಡಾ ಅದರ ಮುಂದೆ ಕೈಕಟ್ಟಿ ನಿಂತಿರುವಾಗ, ಎಂಬತ್ತು ದಾಟಿದ ಆರ್ಡಿತ್ ಗ್ರೀರ್ ಮಗುವಿನ ಹಳೆಯ ತಳ್ಳುಗಾಡಿಯಲ್ಲಿ ಹೂಪಾತಿಯ ಅಂಚಿಗಿಟ್ಟಿದ್ದ ಇಟ್ಟಿಗೆಗಳನ್ನು ತಂದಿಳಿಸುತ್ತಾರೆ. ಒಂದರ ಮೇಲೆ ಬೆಕ್ಕಿನ ಚಿತ್ರವಿದೆ.

"ನಮ್ಮನೆಯವರದು, ನಂದು, ಮೂರು ಮಕ್ಕಳದು. ತಗೋ. ಬೆಕ್ಕು ಮೇಲ್ಗಡೆ ಬರ್ಲಿ ಕಣೇ."

"ಬಣ್ಣ ಮೇಲೆ ಬಂದ್ರೆ ಮಳೇಲಿ ಜಾರುತ್ತೆ, ಮಿಸೆಸ್ ಗ್ರೀರ್. ಬೆಕ್ಕು ಕೆಳಗೇ ಮಲಗ್ಲಿ."

"ನಿಮ್ಮಜ್ಜನೂ ಹೀಗೇ ಮೊಂಡ" ಎಂದು ಬೈದು ಅವರು ಕುರ್ಚಿ ತರಿಸಿಕೊಂಡು ಕೂರುತ್ತಾರೆ. ಮಧ್ಯಾಹ್ನದವರೆಗೂ ಇಟ್ಟಿಗೆ ಬರುತ್ತಲೇ ಇರುತ್ತದೆ. ಮೆರುಗೆಣ್ಣೆ ಬಳಿದದ್ದು, ಅಂಚು ಒಡೆದದ್ದು, ಫುಟ್‌ಬಾಲ್ ತಂಡದ ಸಹಿಗಳಿರುವುದು. ಪ್ರಾಂಶುಪಾಲರದು ಕಾಗದದ ಚೀಲದಲ್ಲಿ ಬರುತ್ತದೆ, ತಂದವರು ಅವರ ಗಂಡ. ವಿಲ್ಡಾ ಪ್ರತಿಯೊಂದನ್ನೂ ತಿರುಗಿಸಿ ನೋಡಿ, ಉಳಿಯಿಂದ ಓರೆಗೆ ಕತ್ತರಿಸಿ, ಹೆಸರು ಕೆಳಗೆ ಮಾಡಿ ಕೂರಿಸುತ್ತಾರೆ. ಕೊಟ್ಟವರು ಯಾರೂ ಜಗಳವಾಡುವುದಿಲ್ಲ. ತಮ್ಮದು ಎಲ್ಲಿದೆ ಎಂದು ಕಾಲಿನಿಂದ ಗುರುತು ಹಾಕಿಕೊಂಡು ಹೋಗುತ್ತಾರೆ.

ಸುತ್ತಿಗೆ ಒರೆಸುತ್ತಿದ್ದ ವಿಲ್ಡಾ ಅವರನ್ನು ನಾನು ಕೇಳುತ್ತೇನೆ: "ನಿಮ್ಮ ಇಟ್ಟಿಗೆ ಇದರಲ್ಲಿ ಯಾವುದು?"

"ನಂಗೆ ಎಲ್ಲಿ ಕೊಟ್ರು? ನಾನು ಹನ್ನೊಂದಕ್ಕೇ ಬಿಟ್ಟೆನಲ್ಲ." ಎದ್ದು ನಿಂತು, ಮಂಡಿ ನೀವಿಕೊಂಡು, ಬೀದಿಯ ಈ ತುದಿಯಿಂದ ಆ ತುದಿಗೆ ಕಣ್ಣಾಡಿಸುತ್ತಾರೆ. "ಇಲ್ಲಿ ನಾನು ಕೂರಿಸ್ದೇ ಇರೋದು ಬಹಳ ಕಮ್ಮಿ. ಒಂದನ್ನ ಮನೆಗೆ ತಗೊಂಡೋಗಿ ಏನ್ ಮಾಡ್ಲಿ?"

ಸೋಮವಾರ ಬೆಳಿಗ್ಗೆ ಸ್ಪ್ರಿಂಗ್ ಬೀದಿ ವಾಹನಗಳಿಗೆ ತೆರೆಯಿತು. ಡಾಂಬರು ಬೈಪಾಸ್ ರಸ್ತೆಗೆ ಹೋಯಿತು. ಶಾಲೆಯಲ್ಲಿ ಈ ಸಲ ಪೆನ್ನು ಕೊಟ್ಟರು.