ಬಲೆ ಎತ್ತಲು ಮತ್ತೊಮ್ಮೆ

ರಜೆ ಮುಗಿಸಿ ಮಂಗಳೂರಿಗೆ ಹೊರಟವನು ಕೆಂಗೇರಿಯ ಟೀ ಅಂಗಡಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಕಡಲಲ್ಲಿ ತೇಲುವ ಹರಿದ ನೈಲಾನ್ ಬಲೆಗಳನ್ನು ಮೀನುಗಾರಿಕೆ ಇಲಾಖೆಯ ನಾವೂ ಮಾಲ್ಡೀವ್ಸಿನವರೂ ಒಟ್ಟಾಗಿ ಎತ್ತುತ್ತೇವೆ. ನಮ್ಮ ಕಡೆಯವರು ಜೊತೆಗಿಲ್ಲದೆ ಅವರ ದೋಣಿ ನಮ್ಮ ದೇಶದ ಕಡಲಿಗೆ ಬರುವಂತಿಲ್ಲ. ಈ ತಿಂಗಳ ಸರದಿ ನನ್ನದು. ನಾನು ಹೋಗದಿದ್ದರೆ ಕೆಲಸ ನಿಲ್ಲುತ್ತದೆ.

ಹೋದ ವಾರ ಅಂಥದೇ ಬಲೆ ನಾವಿದ್ದ ದೋಣಿಯ ಪ್ರೊಪೆಲರ್‌ಗೆ ಸುತ್ತಿಕೊಂಡು ಎಂಜಿನ್ ನಿಂತಿತು. ಅಲೆಯ ಹೊಡೆತಕ್ಕೆ ದೋಣಿ ವಾಲಿತು. ಮಾಲ್ಡೀವ್ಸಿನ ಇಬ್ರಾಹಿಂ ಚಾಕು ಹಿಡಿದು ನೀರಿಗೆ ಇಳಿದ. ಬಹಳ ಹೊತ್ತು ಮೇಲೆ ಬರಲಿಲ್ಲ. ಬಂದವನು ಕತ್ತರಿಸಿದ ಬಲೆಯನ್ನು ಕಡಲಿಗೆ ಬಿಡದೆ ಮೊದಲು ಅದನ್ನೇ ನನಗೆ ದಾಟಿಸಿದ. ತಾನು ಹತ್ತಲು ಕೈ ಚಾಚಿದ್ದು ಆಮೇಲೆ. ಈಗಲೂ ಕಣ್ಣು ಮುಚ್ಚಿದರೆ ಅವನಿಲ್ಲದ ಆ ನೀರೇ ಕಾಣುತ್ತದೆ.

ಮನೆಯಲ್ಲಿ ಯಾರಿಗೂ ಹೇಳದ ಇದನ್ನು ಅಂಗಡಿಯ ಆಂಟಿಗೆ ಹೇಳಿದೆ.

“ಅಯ್ಯೋ, ಇಷ್ಟಾದ್ಮೇಲೂ ಹೋಗ್ತೀರಾ ಸಾರ್? ಜ್ವರ ಅಂತ ಫೋನ್ ಮಾಡ್ಬಿಡಿ. ಇನ್ನೊಂದು ಟೀ ಕುಡೀರಿ, ಅಷ್ಟರಲ್ಲಿ ಬಸ್ಸೂ ಹೋಗಿರುತ್ತೆ!”

ನಗು ಬಂತು. ಆದರೂ ಮೊಬೈಲ್ ತೆಗೆದು ಆಫೀಸಿನ ನಂಬರ್ ಒತ್ತಿದೆ. ಅತ್ತ ರಿಂಗಾಗುತ್ತಿರುವಾಗಲೇ ಬಸ್ಸು ಬಂದು ನಿಂತಿತು. ಫೋನ್ ಕಟ್ ಮಾಡಿದೆ.

“ಎಷ್ಟ್ ಜನ ಸಾರ್?” ಎಂದ ಕಂಡಕ್ಟರ್.

“ಒಬ್ನೇ” ಎಂದು ಹತ್ತಿದೆ.